ಒಂಬತ್ತು ಗೋಲು ತಿಂದವರ ಕಥೆಯನ್ನೇ ಬಿಟ್ಟಿರಲ್ಲ

ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ, ಆಮೇಲೆ ಕೋಚ್ ಆದ ಸ್ಟೀವ್ ಕೊಪೆಲ್ ಬಗ್ಗೆ ಲೇಖನ ಬರೆದಿದ್ದಕ್ಕೆ ಥ್ಯಾಂಕ್ಸ್. ಆದರೆ ಆಟದ ದಿನಗಳಿಗೇ ಜಾಗ ಜಾಸ್ತಿ ಕೊಟ್ಟು, ಕೋಚ್ ಆಗಿದ್ದ ಕಾಲವನ್ನು ಚುಟುಕಾಗಿ ಮುಗಿಸಿದ್ದೀರಿ. ಅದೇ ಬೇಜಾರು.

ಮ್ಯಾಂಚೆಸ್ಟರ್ ಯುನೈಟೆಡ್‌ನ ವಿಂಗರ್ (ಮೈದಾನದ ಅಂಚಿನಲ್ಲಿ ದಾಳಿ ಮಾಡುವ ಆಟಗಾರ) ಆಗಿ ಸತತ 207 ಲೀಗ್ ಪಂದ್ಯ ಆಡಿದ ಮನುಷ್ಯ, ನಿಜ. 1981ರಲ್ಲಿ ಇಂಗ್ಲೆಂಡ್ ಪರ ಹಂಗೇರಿ ವಿರುದ್ಧ ಆಡುವಾಗ ಮೊಣಕಾಲಿಗೆ ಪೆಟ್ಟು ಬಿತ್ತು. 28ಕ್ಕೇ ಆಟ ಬಿಡಬೇಕಾಯಿತು. ಅದೇ 28ರಲ್ಲೇ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಕ್ಲಬ್ಬಿಗೆ ಮ್ಯಾನೇಜರ್ (ಅಂದರೆ ಮುಖ್ಯ ಕೋಚ್) ಕೂಡ ಆದರು!

1989ರ ಸೆಪ್ಟೆಂಬರ್‌ನಲ್ಲಿ ಪ್ಯಾಲೆಸ್ ಲಿವರ್‌ಪೂಲ್‌ನ ತವರು ಮೈದಾನ ಆನ್‌ಫೀಲ್ಡ್‌ಗೆ ಹೋಗಿ ಅವರ ಕೈಲಿ 9-0 ಹೊಡೆಸಿಕೊಂಡು ಬಂತು. ಬೇರೆಯವರಾಗಿದ್ದರೆ ಮುಸುಕು ಹೊದ್ದು ಮಲಗಿಬಿಡುತ್ತಿದ್ದರು. ಇವರು ಹತ್ತು ಲಕ್ಷ ಪೌಂಡ್ ಕೊಟ್ಟು ಗೋಲ್‌ಕೀಪರ್ ನೈಜೆಲ್ ಮಾರ್ಟಿನ್‌ರನ್ನು ತಂದರು. ಬ್ರಿಟನ್‌ನಲ್ಲಿ ಗೋಲ್‌ಕೀಪರ್ ಒಬ್ಬನಿಗೆ ಅಷ್ಟು ದುಡ್ಡು ಕೊಟ್ಟಿದ್ದು ಅದೇ ಮೊದಲು. ಆ ಸೋಲಾಗಿ ಏಳು ತಿಂಗಳಾದ ಮೇಲೆ ಎಫ್‌ಎ ಕಪ್ (ಇಂಗ್ಲೆಂಡಿನ ನಾಕೌಟ್ ಟೂರ್ನಿ) ಸೆಮಿಫೈನಲ್‌ನಲ್ಲಿ ಮತ್ತೆ ಅದೇ ಲಿವರ್‌ಪೂಲ್. ಹೆಚ್ಚುವರಿ ಸಮಯದಲ್ಲಿ ಪ್ಯಾಲೆಸ್‌ಗೆ ಒಂದು ಕಾರ್ನರ್, ಆಂಡಿ ಥಾರ್ನ್ ತಲೆಗೆ ತಾಗಿ ಹಿಂದಕ್ಕೆ ಹಾರಿದ ಚೆಂಡು, ಅಲ್ಲಿ ಕಾದಿದ್ದ ಆಲನ್ ಪಾರ್ಡ್ಯೂ ತಲೆ. ಪ್ಯಾಲೆಸ್‌ಗೆ 4-3 ಗೆಲುವು! ಆ ಗೋಲಿನ ವಿಡಿಯೊ ಎಷ್ಟು ಸಲ ನೋಡಿದ್ದೀನೋ ಲೆಕ್ಕವಿಲ್ಲ.

ರೆಡಿಂಗ್ ತಂಡ 2005-06ರಲ್ಲಿ ಇಂಗ್ಲೆಂಡಿನ ಎರಡನೇ ದರ್ಜೆಯ ಲೀಗ್‌ನಲ್ಲಿ 106 ಪಾಯಿಂಟ್ ಗಳಿಸಿದ್ದು ಕೂಡ ಇವರ ಕೈಕೆಳಗೇ. ನಮ್ಮ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಸುದ್ದಿಯೇ ಇಲ್ಲವಲ್ಲ ಲೇಖನದಲ್ಲಿ? 2016ರಲ್ಲಿ ಕೇರಳ ಬ್ಲಾಸ್ಟರ್ಸ್ ತಂಡವನ್ನು ಫೈನಲ್‌ವರೆಗೆ ಕರೆದೊಯ್ದರು, ಕೊಚ್ಚಿಯಲ್ಲಿ ಪೆನಾಲ್ಟಿಯಲ್ಲಿ ಸೋತರು. ಮ್ಯಾಂಚೆಸ್ಟರ್ ಸಿಟಿಯಲ್ಲಿ ಬರೀ 33 ದಿನ ಮ್ಯಾನೇಜರ್ ಆಗಿದ್ದ ಕಥೆಗೆ ಮಾತ್ರ ಎರಡು ಪ್ಯಾರಾ ಸುಮ್ನೆ ಕೊಟ್ಟಿದ್ದೀರಿ ಅಲ್ವಾ?