ಪದಕಕ್ಕಿಂತ ಮೊದಲು ಪರೀಕ್ಷಾ ಶುಲ್ಕ

ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಶುರುವಾದದ್ದು 2010ರಲ್ಲಿ. ಆಗ ಯಾರಾದರೂ ತಂದೆಯ ಹೆಸರಲ್ಲಿ ಚಿನ್ನದ ಪದಕಕ್ಕೆಂದು ಒಂದು ಲಕ್ಷ ರೂಪಾಯಿ ದತ್ತಿ ಇಟ್ಟಿದ್ದರೆ, ಶೇ 8ರ ಠೇವಣಿಯಲ್ಲಿ ವರ್ಷಕ್ಕೆ 8,000 ಬಡ್ಡಿ. ಹತ್ತು ಗ್ರಾಂಗೆ 20,000ದ ಆಸುಪಾಸಿದ್ದ ಆ ಕಾಲದಲ್ಲಿ ಸುಮಾರು ನಾಲ್ಕು ಗ್ರಾಂ ಚಿನ್ನ ಬರುತ್ತಿತ್ತು. 2025ರಲ್ಲಿ ಹತ್ತು ಗ್ರಾಂ ಲಕ್ಷ ದಾಟಿತು. ಅದೇ ಬಡ್ಡಿಗೆ ಒಂದು ಗ್ರಾಂ ಸಹ ಬರುವುದಿಲ್ಲ. ಅಸಲು ಹಾಗೇ ಇದ್ದರೂ ಪದಕಕ್ಕೆ ಲೇಪವಷ್ಟೇ ಗತಿ.

ನಾನಿರುವ ಬ್ರಿಟನ್ನಿನಲ್ಲೂ ಪದಕಗಳುಂಟು. ಆದರೆ ವಿಶ್ವವಿದ್ಯಾಲಯಗಳು ಹಳೆಯ ವಿದ್ಯಾರ್ಥಿಗಳನ್ನು ಹೆಚ್ಚಾಗಿ ಕೇಳುವುದು ಕಷ್ಟಕಾಲದ ನಿಧಿಗೆ. ಹತ್ತಿಪ್ಪತ್ತು ಪೌಂಡ್ ತಿಂಗಳಿಗೊಮ್ಮೆ ಬ್ಯಾಂಕಿನಿಂದ ತಾನೇ ಹೋಗುತ್ತದೆ. ಇಲ್ಲಿ ತೆರಿಗೆ ಕಟ್ಟುವವರು ನೂರು ಪೌಂಡ್ ಕೊಟ್ಟರೆ 'ಗಿಫ್ಟ್ ಏಡ್' ಅಡಿ ಸರ್ಕಾರದಿಂದ ಇನ್ನೂ 25 ಸೇರುತ್ತದೆ.

ನಮ್ಮ ಕಡೆಗೆ ಬೇಕಾದದ್ದು ಇದೇ ನಿಧಿ. ತಂದೆತಾಯಿ ಗುಳೆ ಹೋದ ಮನೆಯ ಹುಡುಗಿಗೆ ವಿದ್ಯಾರ್ಥಿವೇತನ ಮಂಜೂರಾಗಿರುತ್ತದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ, ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಎನ್‌ಪಿಸಿಐ ಸಂಸ್ಥೆಯಲ್ಲಿ ಆಗದಿದ್ದರೆ ಹಣ ಬರುವುದಿಲ್ಲ. ಪರೀಕ್ಷಾ ಶುಲ್ಕದ ಕೊನೆಯ ದಿನ ಅಲ್ಲಿತನಕ ಕಾಯುವುದಿಲ್ಲ. ಬುದ್ಧಿವಂತ ಮಕ್ಕಳು ಎರಡು-ಮೂರು ಸಾವಿರಕ್ಕೆ ಒಂದು ವರ್ಷ ಕಳೆದುಕೊಳ್ಳುವುದು ನನಗೆ ಸಹಿಸಲಾಗದ ಮಾತು.

ಐದು ಲಕ್ಷ ಇಟ್ಟರೆ ಶೇ 7ರಂತೆ 35,000 ಬರುತ್ತದೆ. ಅದರಲ್ಲಿ 5,000 ಅಸಲಿಗೇ ಸೇರಲಿ, ಇಲ್ಲವಾದರೆ ಪದಕದ ಗತಿಯೇ ಇದಕ್ಕೂ ಬರುತ್ತದೆ. ಉಳಿದ 30,000ದಲ್ಲಿ 2,500ರಂತೆ ಹನ್ನೆರಡು ಮಂದಿಗೆ ಕೊಡಬಹುದು. ದತ್ತಿಯನ್ನು ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್ ಒಪ್ಪಬೇಕು, ಸರಿ. ಆದರೆ ಪ್ರತಿ ಪಾವತಿಯೂ ಸಭೆಗೆ ಹೋದರೆ ಕೊನೆಯ ದಿನ ದಾಟಿರುತ್ತದೆ. ಆದ್ದರಿಂದ ವಿಭಾಗದ ಮುಖ್ಯಸ್ಥರು ಬರೆದರೆ ಏಳು ದಿನದೊಳಗೆ ಹಣಕಾಸು ಅಧಿಕಾರಿ ಕೊಡಬೇಕೆಂದು ದತ್ತಿಪತ್ರದಲ್ಲೇ ಬರೆಸಿ. ಕೋರ್ಸ್ ಮುಚ್ಚಿದರೆ ಹಣ ಯಾವುದಕ್ಕೆ ಹೋಗಬೇಕೆಂಬುದೂ ಇರಲಿ.

ಹೊರದೇಶದಲ್ಲಿರುವ ನಮ್ಮಲ್ಲಿ ಭಾರತದ ಪಾಸ್‌ಪೋರ್ಟ್ ಇರುವವರು ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಬೇರೆ ದೇಶದ ಪೌರತ್ವ ಪಡೆದ ಒಸಿಐ ಕಾರ್ಡಿನವರದು ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆಯ ಕಾನೂನಾದ ಎಫ್‌ಸಿಆರ್‌ಎ ಅಡಿ ನೋಂದಣಿಯೋ ವಿನಾಯಿತಿಯೋ ಇದೆಯೆಂದು ವಿಶ್ವವಿದ್ಯಾಲಯದಿಂದ ಲಿಖಿತ ಉತ್ತರ ಬರುವ ತನಕ ಕಳಿಸಬೇಡಿ. ಊರಲ್ಲಿರುವ ಅಣ್ಣತಮ್ಮಂದಿರು ಕೊಡುವುದಾದರೆ 2,000ಕ್ಕಿಂತ ಹೆಚ್ಚು ನಗದಾಗಿ ಬೇಡ, ದೇಣಿಗೆಗಿರುವ ಆದಾಯ ತೆರಿಗೆ ರಿಯಾಯಿತಿ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಂತೂ ಅದು ಇಲ್ಲವೇ ಇಲ್ಲ.

ರಾಯಚೂರು, ಕೊಪ್ಪಳದ ವಿಶ್ವವಿದ್ಯಾಲಯಗಳು ಇನ್ನೂ ಹೊಸವು. ಅಲ್ಲಿ ಮೊದಲ ದತ್ತಿಗಳೇ ಈ ರೀತಿಯವಾಗಲಿ.