ಅಷ್ಟೇ!

ನಿನ್ನೆ ರಾತ್ರಿ ಒಂಬತ್ತೂವರೆಗೆ ಫೋನ್ ಬಂತು. ತಟ್ಟೆಗೆ ಮಂಡಕ್ಕಿ ಹಾಕಿಕೊಂಡು, ಪಕ್ಕದಲ್ಲಿ ಎರಡು ಬಿಸಿ ಮಿರ್ಚಿ ಇಟ್ಟುಕೊಂಡು, ಇನ್ನೇನು ಕಚ್ಚಬೇಕು ಅನ್ನುವಾಗ. ವಿದ್ಯಾನಗರದ ಒಬ್ಬ ತಾಯಿ.

"ನಿಮ್ದು ಫ್ರೀ ಅಂದಿದ್ರಲ್ರೀ ಸರ್. ಇಲ್ಲಿ ನೋಡಿದ್ರೆ ಡಾಲರ್ ಕೇಳ್ತೈತಿ!"

ವಿಷಯ ಏನಪ್ಪಾ ಅಂದರೆ, ದಾವಣಗೆರೆಯ ನಾವೊಂದಷ್ಟು ಜನ ಸೇರಿ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯುವವರಿಗೆ ಅಂತ ಕನ್ನಡದಲ್ಲಿ ಒಂದು ವಿಕಿ, ಅಂದರೆ ಓದುವವರೇ ತಿದ್ದಬಹುದಾದ ವೆಬ್‌ಸೈಟ್, ನಡೆಸುತ್ತೇವೆ. ಇವರ ಮಗಳು ಸೆಕೆಂಡ್ ಪಿಯುಸಿ. ನಮ್ಮ ಪುಟದ ಮೂರನೇ ಸಾಲಿನಲ್ಲಿ ಮೊದಲು ಡಾಲರ್ ಗುರುತು, ಆಮೇಲೆ 'ಪಿಪ್ ಇನ್‌ಸ್ಟಾಲ್' ಅಂತಿದೆ, ಪೈಥಾನ್‌ಗೆ ಬೇಕಾದ ಹೆಚ್ಚಿನ ಸಾಮಾನು ಇಳಿಸಿಕೊಳ್ಳುವ ಆಜ್ಞೆ. ವಿಂಡೋಸ್ ಬದಲು ಲಿನಕ್ಸ್ ಬಳಸುವವರಿಗೆ ಗೊತ್ತು, ಆ ಡಾಲರ್ ಟೈಪ್ ಮಾಡಲಿಕ್ಕಲ್ಲ. 'ನಾನು ರೆಡಿ, ಏನು ಮಾಡಲಿ ಹೇಳು' ಅಂತ ಟರ್ಮಿನಲ್, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿ, ತಾನೇ ತೋರಿಸುವ ಗುರುತು. ಈ ಹುಡುಗಿ ವಿಂಡೋಸ್‌ನಲ್ಲಿ ಕೂತು ಅದನ್ನೂ ಸೇರಿಸಿ ಟೈಪ್ ಮಾಡಿದ್ದಾಳೆ. ಕಂಪ್ಯೂಟರ್ ಇಂಗ್ಲಿಷಿನಲ್ಲಿ ಬೈದಿದೆ. ಹಿಂದೆ ನಿಂತು ಇಣುಕಿದ ತಾಯಿ, ದುಡ್ಡು ಕಟ್ಟದೆ ಮುಂದೆ ಬಿಡುತ್ತಿಲ್ಲ ಅಂತ ತೀರ್ಮಾನಿಸಿದ್ದಾರೆ.

"ಒಂದು ಡಾಲರ್‌ಗೆ ಈಗ ಎಷ್ಟೈತಿ ಸರ್? ಫೋನ್‌ಪೇ ನಡಿತೈತಾ?"

ಅರ್ಥ ಮಾಡಿಸುವಷ್ಟರಲ್ಲಿ ಮಿರ್ಚಿ ತಣ್ಣಗಾಗಿ ಮೆತ್ತಗಾಗಿತ್ತು. ಮೆತ್ತಗಾದ ಮಿರ್ಚಿ ತಿನ್ನುವುದು ಎಷ್ಟು ಸಂಕಟ ಅಂತ ನಮ್ಮೂರವರಿಗೆ ಬಿಡಿಸಿ ಹೇಳಬೇಕಿಲ್ಲ.

ಆ ಪುಟ ಬರೆದವರು ನಮ್ಮ ಬಳಗದ ಹಿರಿಯರು. ಅವರನ್ನು ನಾವು ಬೆನ್ನ ಹಿಂದೆ 'ಅಷ್ಟೇ ಸಾರ್' ಅಂತ ಕರೆಯುತ್ತೇವೆ. ತುಂಬಾ ತಿಳಿದವರು, ಅದೇ ತೊಂದರೆ. ಅವರು ಬರೆದ ಪುಟ ಹೀಗಿರುತ್ತದೆ: 'ಪೈಥಾನ್ ಇಳಿಸಿಕೊಳ್ಳಿ. ಪಾತ್ ಸೆಟ್ ಮಾಡಿ. ಅಷ್ಟೇ.' ಪಾತ್ ಅಂದರೆ ಏನು, ಎಲ್ಲಿದೆ, ಯಾಕೆ ಬೇಕು? ಪೈಥಾನ್ ಎಲ್ಲಿ ಕೂತಿದೆ ಅಂತ ಕಂಪ್ಯೂಟರಿಗೆ ತಿಳಿಸುವ ವಿಳಾಸ ಅದು. ಇನ್‌ಸ್ಟಾಲ್ ಮಾಡುವಾಗ ಬರುವ ಮೊದಲ ಕಿಟಕಿಯ ಕೆಳಗಡೆ ಒಂದು ಪುಟ್ಟ ಚೌಕ ಇರುತ್ತದೆ, ಅದಕ್ಕೆ ಟಿಕ್ ಹಾಕಿ ಅಂತ ಒಂದೇ ಒಂದು ಸಾಲು ಬರೆದಿದ್ದರೆ ಎಷ್ಟೋ ಮಕ್ಕಳ ರಾತ್ರಿ ನಿದ್ದೆ ಉಳಿಯುತ್ತಿತ್ತು. ಅವರನ್ನು ಪಿ.ಜೆ. ಬಡಾವಣೆಯಲ್ಲಿ ನಿಲ್ಲಿಸಿ ಗಾಜಿನ ಮನೆಗೆ ದಾರಿ ಕೇಳಿದರೂ "ಹಿಂಗೇ ಹೋಗ್ರಿ, ಸಿಗ್ತೈತಿ, ಅಷ್ಟೇ" ಅನ್ನುವವರು.

ನಾನು ಆ 'ಅಷ್ಟೇ' ಅಳಿಸುತ್ತೇನೆ. ಮಾರನೇ ದಿನ ಅದು ಮತ್ತೆ ಅಲ್ಲೇ ಕೂತಿರುತ್ತದೆ. ವಿಕಿಯಲ್ಲಿ ಪ್ರತಿ ತಿದ್ದುಪಡಿಗೂ ಇತಿಹಾಸ ಉಳಿಯುತ್ತದಲ್ವಾ, ಅದನ್ನು ತೆಗೆದು ನೋಡಿದರೆ ಹದಿನಾಲ್ಕು ಸಲ ನಾವಿಬ್ಬರೂ ಒಂದೇ ಪದಕ್ಕೆ ಕಿತ್ತಾಡಿದ್ದೇವೆ. ಯಾಕೆ ಬದಲಿಸಿದಿರಿ ಅಂತ ಕಾರಣ ಬರೆಯುವ ಜಾಗದಲ್ಲಿ ಅವರು ಬರೆದಿರುವುದು: 'ಸರಿಪಡಿಸಿದೆ, ಅಷ್ಟೇ.'

ವಿಕಿ ಅನ್ನುವುದು ಹವಾಯಿ ಭಾಷೆಯ ಮಾತು, ಬೇಗ ಅಂತ ಅರ್ಥ. 1995ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ಎಂಬಾತ ಮೊದಲ ವಿಕಿ ಶುರು ಮಾಡಿದಾಗ, ಹೊನೊಲುಲು ವಿಮಾನ ನಿಲ್ದಾಣದ ಬಸ್ಸಿನ ಹೆಸರು ನೆನೆದು ಇಟ್ಟ ಹೆಸರು. ನಮ್ಮ ವಿಕಿಯ ವೇಗ ಮಾತ್ರ ರೈಲ್ವೆ ಗೇಟ್ ಬಿದ್ದಾಗ ನಿಂತ ಸಿಟಿ ಬಸ್ಸಿನದು.

ಹೊಸಬರು ಎಲ್ಲಿಂದ ಶುರು ಮಾಡಬೇಕು ಅನ್ನುವುದಕ್ಕೇ ನಾಲ್ಕು ಪುಟಗಳಿವೆ. 'ಇಲ್ಲಿಂದ ಶುರು ಮಾಡಿ', 'ಹೊಸಬರು ಮೊದಲು ಇದನ್ನು ಓದಿ', 'ಹೊಸಬರು ಮೊದಲು ಇದನ್ನು ಓದಿ ಹೊಸದು', ಆಮೇಲೆ ಸುಮ್ನೆ 'ಮೊದಲು'. ಬೆಣ್ಣೆ ದೋಸೆ ಹೋಟೆಲ್ ಬೋರ್ಡುಗಳ ಹಾಗೆ, ನಾನೇ ಒರಿಜಿನಲ್ ಅಂತ ಎಲ್ಲವೂ ಹೇಳುತ್ತವೆ. ಒಂದರಲ್ಲಿ ಇನ್ನೂ ಹಳೆಯ ಆವೃತ್ತಿಯಾದ ಪೈಥಾನ್ 2 ಪಾಠ ಇದೆ. ಅದಕ್ಕೆ 2020ರ ಜನವರಿ 1ಕ್ಕೇ ಎಳ್ಳುನೀರು ಬಿಟ್ಟಾಗಿದೆ. ಅಲ್ಲಿರುವಂತೆ ಕಂಸ ಹಾಕದೆ ಪ್ರಿಂಟ್ ಅಂತ ಬರೆದರೆ ಈಗ ಕೆಲಸವೇ ಮಾಡುವುದಿಲ್ಲ.

ಅದನ್ನು ಅಳಿಸಿಬಿಡೋಣ ಅಂತ ನಿನ್ನೆಯೇ ಕೂತೆ. ಇತಿಹಾಸ ತೆರೆದರೆ ನನ್ನ ಹಳೆಯ ಗೆಳೆಯನ ಹೆಸರು. ರಾತ್ರಿ ಎರಡು ಗಂಟೆಗೆ ಒಂದು ಒತ್ತಕ್ಷರ ತಿದ್ದಿ ಹೋಗಿದ್ದಾನೆ. ಅದೇ ಕೊನೆ. ಆ ವಾರ ಬೆಂಗಳೂರಿನ ರೈಲು ಹತ್ತಿದವನು, ಈಗ ಹಬ್ಬಕ್ಕೂ ಬರುವುದಿಲ್ಲ. ಪುಟದ ಮೊದಲ ಸಾಲು ಅವನದ್ದೇ: 'ಹೆದರಬೇಡಿ, ತಪ್ಪು ಟೈಪ್ ಮಾಡಿದರೆ ಕಂಪ್ಯೂಟರ್ ಸುಟ್ಟುಹೋಗುವುದಿಲ್ಲ.' ಉಳಿದದ್ದೆಲ್ಲ ಅಳಿಸಿದೆ. ಆ ಸಾಲನ್ನು ಎತ್ತಿ ಹೊಸ ಪುಟದ ತಲೆಯ ಮೇಲೆ ಇಟ್ಟೆ.

ಇವತ್ತು ಬೆಳಿಗ್ಗೆ ನೋಡಿದರೆ ಅದರ ಕೆಳಗೆ ಆ ಪಿಯುಸಿ ಹುಡುಗಿಯ ಮೊದಲ ತಿದ್ದುಪಡಿ: 'ಡಾಲರ್ ಟೈಪ್ ಮಾಡಬೇಡಿ. ಕಟ್ಟಲೂ ಬೇಡಿ. ನಮ್ಮ ಅಮ್ಮನಿಗೂ ಹೇಳಿದ್ದೇನೆ.' ಹತ್ತು ನಿಮಿಷದಲ್ಲಿ ಅಷ್ಟೇ ಸಾರ್ ಬಂದು ಕೊನೆಯಲ್ಲಿ ತಮ್ಮ ಪದ ಸೇರಿಸಿದ್ದರು. ಹಲ್ಲು ಕಚ್ಚಿಕೊಂಡು ಅಳಿಸಲು ಹೋದೆ.

ಅಷ್ಟರಲ್ಲಿ ಅವಳೇ ಅಳಿಸಿದ್ದಳು.