ಸ್ಕ್ವಾಡ್ರನ್‌ಗೊಂದು ಕಾಯಂ ಊರು ಬೇಕೇ? ಪರ - ವಿರೋಧ

ಪರ: ವಿಮಾನ ಹಾರುತ್ತದೆ, ಟ್ರಂಕು ಹಾರುವುದಿಲ್ಲ

ವಾಯುಪಡೆಯ ಯಾವುದೋ ಸ್ಕ್ವಾಡ್ರನ್, ಅಂದರೆ ಒಂದಷ್ಟು ವಿಮಾನ ಮತ್ತು ಅದರ ಜನರ ತುಕಡಿ, ಹೊಸ ನೆಲೆಗೆ ಹೋಯಿತು ಅಂತ ಪೇಪರಿನಲ್ಲಿ ಬಂದರೆ ಜೊತೆಗೊಂದು ಫೋಟೋ ಇರುತ್ತದೆ. ವಿಮಾನ ಇಳಿದಿದೆ, ಎರಡೂ ಕಡೆಯಿಂದ ನೀರು ಚಿಮ್ಮಿಸಿ ಸ್ವಾಗತ ಮಾಡ್ತಿದ್ದಾರೆ. ಒಂದೆರಡು ಗಂಟೆ ಹಾರಾಟ, ಕೆಲಸ ಮುಗಿಯಿತು. ಮುಗಿದದ್ದು ವಿಮಾನದ ಕೆಲಸ ಮಾತ್ರ. ಹಿಂದೆ ಜಾಕು, ಟ್ರಾಲಿ, ಬಿಡಿಭಾಗದ ಪೆಟ್ಟಿಗೆ, ಫೈಲು, ಮೆಸ್ಸಿನ ಪಾತ್ರೆ, ನೂರಾರು ಜನ, ಅವರ ಹೆಂಡತಿ ಮಕ್ಕಳು ಎಲ್ಲ ಬರಬೇಕಲ್ವಾ? ಅದಕ್ಕೆ ತಿಂಗಳುಗಟ್ಟಲೆ ಬೇಕು.

ನಮ್ಮಪ್ಪ ಮಿಗ್-21 ಯುದ್ಧವಿಮಾನದ ಸ್ಕ್ವಾಡ್ರನ್ ಒಂದರಲ್ಲಿ ಇಂಜಿನ್ ಫಿಟ್ಟರ್ ಆಗಿದ್ದರು. ಮಳೆ ನಿಂತ ಮಾರನೇ ಬೆಳಿಗ್ಗೆ ರನ್‌ವೇಯ ಯಾವ ತುದಿಯಲ್ಲಿ ಹಕ್ಕಿ ಜಾಸ್ತಿ, ಯಾವ ತಿಂಗಳ ಗಾಳಿಯಲ್ಲಿ ಧೂಳು ಬರುತ್ತದೆ, ಯಾವ ಶೆಡ್ಡಿನ ಮೂಲೆ ಸೋರುತ್ತದೆ, ಎಲ್ಲ ಬಾಯಿಪಾಠ. ಇದನ್ನು ಯಾವ ಕೈಪಿಡಿಯೂ ಕಲಿಸುವುದಿಲ್ಲ. ಹೊಸ ಜಾಗಕ್ಕೆ ಹೋದ ದಿನ ಅದೆಲ್ಲ ಸೊನ್ನೆ. "ಮತ್ತೆ ಒಂದನೇ ಕ್ಲಾಸು" ಅನ್ನೋರು.

ಒಂದನೇ ಕ್ಲಾಸಲ್ಲ, ನಾನು ಏಳನೇ ಕ್ಲಾಸಿನಲ್ಲಿದ್ದೆ. ಸ್ಕ್ವಾಡ್ರನ್ ಹೊರಟಿದ್ದು ನವೆಂಬರ್‌ನಲ್ಲಿ. ಹಳೇ ಶಾಲೆಯವರು ಟಿಸಿ ಕೊಡಲು ಆರು ವಾರ ಓಡಾಡಿಸಿದರು. ಹೊಸ ಶಾಲೆಯಲ್ಲಿ ಸೀಟು ಭರ್ತಿ. ತಮ್ಮನಿಗೆ ಆರನೇ ಕ್ಲಾಸಿನಲ್ಲಿ ಜಾಗ ಸಿಕ್ಕಿತು, ಪಕ್ಕದಲ್ಲಿ ಇನ್ನೊಂದು ಡೆಸ್ಕ್ ಖಾಲಿ ಇತ್ತು, ನನ್ನನ್ನೂ ಅಲ್ಲೇ ಕೂರಿಸಿದರು. ಈಗಲೂ ಅವನು ಮದುವೆ ಮನೆಗಳಲ್ಲಿ ನನ್ನನ್ನು "ನಮ್ಮಣ್ಣ, ನನ್ನ ಕ್ಲಾಸ್‌ಮೇಟು" ಅಂತಲೇ ಪರಿಚಯ ಮಾಡಿಸುತ್ತಾನೆ. ನಮ್ಮ ಕರಿ ಟ್ರಂಕು ಇನ್ನೂ ಅಟ್ಟದ ಮೇಲಿದೆ. ಅದರ ಮೇಲೆ ಬಿಳಿ ಬಣ್ಣದಲ್ಲಿ ಅಪ್ಪನ ಹೆಸರು, ನಂಬರು, ಕೆಳಗೆ ಮೂರು ಊರು. ಎರಡು ಊರಿನ ಮೇಲೆ ಕರಿ ಪೇಂಟು ಬಳಿದಿದೆ. ಬಿಸಿಲಿಗೆ ಹಿಡಿದರೆ ಹಳೇ ಹೆಸರು ಇವತ್ತಿಗೂ ಕಾಣುತ್ತದೆ.

ಇದು ಬರೀ ಮನೆ ಗೋಳು ಅನ್ನಬೇಡಿ. ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಕಥೆ ನೋಡಿ. ವಾಯುಪಡೆಗೆ ಬಂದಿರುವ ಒಂದೇ ಒಂದು ಪರಮವೀರ ಚಕ್ರ ಅವರದು. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಪಾಕಿಸ್ತಾನದ ಆರು ಸೇಬರ್ ಯುದ್ಧವಿಮಾನಗಳು ಬಂದಾಗ ನ್ಯಾಟ್ ಅನ್ನೋ ಪುಟ್ಟ ಯುದ್ಧವಿಮಾನ ಹಾರಿಸಿಕೊಂಡು ಹೋಗಿ ಹೋರಾಡಿ ಸತ್ತರು. ಅವರ 18ನೇ ಸ್ಕ್ವಾಡ್ರನ್ನಿನ ನೆಲೆ ಶ್ರೀನಗರ ಅಲ್ಲ, ಯುದ್ಧಕ್ಕೆಂದು ಬಂದಿದ್ದ ತುಕಡಿ ಅದು. ಆ ಕಣಿವೆ ಅವರಿಗೆ ಪರಿಚಯ ಇರಲಿಲ್ಲ, ಆ ಎತ್ತರ, ಆ ಚಳಿ ಒಗ್ಗಿರಲಿಲ್ಲ ಅಂತ ಪ್ರಶಸ್ತಿಯ ಬರಹದಲ್ಲೇ ಇದೆ. ಸರ್ಕಾರವೇ ಬರೆದುಕೊಟ್ಟ ಮಾತು ಇದು.

ಕಾಯಂ ನೆಲೆ ಇದ್ದರೆ ಏನಾಗುತ್ತದೆ ಅಂತ ನೋಡೋಕೆ ಗ್ವಾಲಿಯರ್ ಇದೆ. 1985ರಲ್ಲಿ ಮಿರಾಜ್ ಯುದ್ಧವಿಮಾನ ಬಂದಿದ್ದು ಅಲ್ಲಿಗೇ. 2019ರಲ್ಲಿ ಪಾಕಿಸ್ತಾನದ ಬಾಲಾಕೋಟ್‌ಗೆ ಬಾಂಬ್ ಹಾಕಲು ಹೋದದ್ದೂ ಅಲ್ಲಿನ ಮಿರಾಜ್‌ಗಳೇ. ನಮ್ಮ ಬೀದರ್ ನೋಡಿ. ಆಕಾಶದಲ್ಲಿ ಕಸರತ್ತು ಮಾಡುವ ಸೂರ್ಯಕಿರಣ್ ತಂಡ 1996ರಿಂದ ಅಲ್ಲಿನದು. ಕಿರಣ್ ವಿಮಾನ ಹೋಗಿ ಹಾಕ್ ಬಂತು, 2011ರಿಂದ ಕೆಲವು ವರ್ಷ ತಂಡವೇ ಇರಲಿಲ್ಲ, ಮತ್ತೆ ಶುರುವಾದಾಗ ಊರು ಮಾತ್ರ ಅದೇ. ಬೀದರ್‌ನವರು ಅದನ್ನು ನಮ್ಮದು ಅಂತಾರೆ. ಜಾಗ ಬದಲಿಸುತ್ತಲೇ ಇರುವ ಸ್ಕ್ವಾಡ್ರನ್ನನ್ನು ಯಾರು ಹಾಗೆ ಅಂದಾರು?

ಒಂದೇ ಕಡೆ ಇದ್ದರೆ ಶತ್ರುವಿಗೆ ಗುರಿ ಸುಲಭ ಅಂತ ಒಂದು ವಾದ ಇದೆ. ಕಳ್ಳ ಬರ್ತಾನೆ ಅಂತ ತಿಂಗಳಿಗೊಂದು ಮನೆ ಬದಲಾಯಿಸೋಣವೇ? ಬೀಗ ಹಾಕಿದರೆ ಸಾಕು.

ವಿರೋಧ: ಇರುವ ಜಾಗ ಕೆಲಸ ನೋಡಿ

ವಿರೋಧ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ತೇಜಸ್ ಸ್ಕ್ವಾಡ್ರನ್ ಬೆಂಗಳೂರಲ್ಲೇ ಉಳಿದಿದ್ದರೆ ನನಗೂ ಖುಷಿಯೇ ಆಗುತ್ತಿತ್ತು.

ಆದರೆ ಅದೇ 45ನೇ ಸ್ಕ್ವಾಡ್ರನ್ನಿನ ಕಥೆ ಕೇಳಿ. 1965ರ ಸೆಪ್ಟೆಂಬರ್ 1ರಂದು ಪಠಾಣ್‌ಕೋಟ್‌ನಿಂದ ಜಮ್ಮುವಿನ ಛಂಬ್ ಕಡೆ ಹೋಗಿದ್ದು ಅದರ ವ್ಯಾಂಪೈರ್ ಯುದ್ಧವಿಮಾನಗಳು, ನಾಲ್ಕು ವಾಪಸ್ ಬರಲಿಲ್ಲ. 1999ರ ಆಗಸ್ಟ್ 10ರಂದು ಪಾಕಿಸ್ತಾನ ನೌಕಾಪಡೆಯ ಅಟ್ಲಾಂಟಿಕ್ ವಿಮಾನ ಹೊಡೆದುರುಳಿಸಿದ್ದು ಅದರ ಮಿಗ್-21, ಕಛ್‌ನ ನಲಿಯಾದಿಂದ. ಆಮೇಲೆ 2016ರ ಜುಲೈ 1ರಂದು ಬೆಂಗಳೂರಿನಲ್ಲಿ ಎರಡೇ ಎರಡು ತೇಜಸ್ ಜೊತೆ ಮತ್ತೆ ಹುಟ್ಟಿತು. ವಿಮಾನ ಹೊಸದು, ಕಟ್ಟಿದ ಎಚ್‌ಎಎಲ್ ಪಕ್ಕದಲ್ಲೇ ಇತ್ತು, ಅದಕ್ಕೆ ಬೆಂಗಳೂರು. ವಿಮಾನ ಪಳಗಿದ ಮೇಲೆ 2018ರಲ್ಲಿ ಕೊಯಮತ್ತೂರಿನ ಹತ್ತಿರದ ಸೂಲೂರು. 2024ರಲ್ಲಿ ಮತ್ತೆ ನಲಿಯಾ. ಇದರಲ್ಲಿ ಯಾವುದನ್ನು ಕಾಯಂ ಊರು ಅನ್ನುತ್ತೀರಿ? 1933ರಲ್ಲಿ ಹುಟ್ಟಿದ ಮೊದಲನೇ ಸ್ಕ್ವಾಡ್ರನ್ನಿಗೆ ಹುಟ್ಟೂರು ಕರಾಚಿ. ಹೋಗಿ ಇರಲಿ ಅನ್ನೋಣವೇ?

ಬೀಗದ ಮಾತು ಬಂತು. 1971ರಲ್ಲಿ ಢಾಕಾದ ತೇಜ್‌ಗಾಂವ್‌ನಲ್ಲಿ ಪಾಕಿಸ್ತಾನದ 14ನೇ ಸ್ಕ್ವಾಡ್ರನ್ ಇತ್ತು. ನಮ್ಮ ಮಿಗ್-21ಗಳು ರನ್‌ವೇಯಲ್ಲಿ ಗುಂಡಿ ತೋಡಿದವು. ಉಳಿದಿದ್ದ ಸೇಬರ್‌ಗಳು ಚೆನ್ನಾಗಿಯೇ ಇದ್ದವು, ಆದರೆ ಯುದ್ಧ ಮುಗಿಯುವ ತನಕ ಮೇಲೇಳಲಿಲ್ಲ. ಹೋಗಲು ಬೇರೆ ಜಾಗ ಇರಲಿಲ್ಲ. ಬಾಗಿಲು ಒಂದೇ ಇದ್ದ ಮನೆ ಅದು, ಬೀಗ ಹಾಕಿದ್ದು ನಾವು.

ಗ್ವಾಲಿಯರ್ ಮಿರಾಜ್ ಅಂದರು. ಕಾರ್ಗಿಲ್ ಯುದ್ಧದಲ್ಲಿ ಅವು ಪಂಜಾಬಿನ ಆದಂಪುರಕ್ಕೆ ಹೋಗಿ ಅಲ್ಲಿಂದ ಹಾರಿದವು. ಟೈಗರ್ ಹಿಲ್ ಮೇಲೆ ಬಾಂಬ್ ಹಾಕಿದ್ದು ಹಾಗೆಯೇ. ಇನ್ನೊಂದು, 2020ರಲ್ಲಿ ತಂಜಾವೂರಿಗೆ ಸುಖೋಯ್-30 ಸ್ಕ್ವಾಡ್ರನ್ ಕೊಟ್ಟರು, ಬ್ರಹ್ಮೋಸ್ ಕ್ಷಿಪಣಿ ಹೊತ್ತು ಹಿಂದೂ ಮಹಾಸಾಗರ ಕಾಯಲು. ಅದೇ 222ನೇ ಸ್ಕ್ವಾಡ್ರನ್ ಅದಕ್ಕೆ ಮೊದಲು ಪಂಜಾಬಿನ ಹಲ್ವಾರಾದಲ್ಲಿ ಮಿಗ್-27 ಹಾರಿಸುತ್ತಿತ್ತು. ಹಲ್ವಾರಾದಲ್ಲಿ ಕೂತು ಸಮುದ್ರ ಕಾಯೋಕೆ ಆಗುತ್ತಾ?

ಸೆಖೋನ್ ವಿಷಯ ಎತ್ತಿದ್ದಾರೆ. ಆಗ ಪಾಕಿಸ್ತಾನದ ಜೊತೆಗಿನ ಹಳೇ ಕದನವಿರಾಮದ ಒಪ್ಪಂದದಿಂದಾಗಿ ಶ್ರೀನಗರದಲ್ಲಿ ಯುದ್ಧವಿಮಾನ ಕಾಯಂ ಇಡುವ ಹಾಗಿರಲಿಲ್ಲ. ಅಲ್ಲಿಗೆ ಯಾರೇ ಹೋದರೂ ಹೊಸಬರೇ. ಅದರಿಂದ ಯಾರ ವಾದ ಗೆಲ್ಲುತ್ತದೆ ಅಂತ ನನಗೇ ಪೂರ್ತಿ ಗೊತ್ತಾಗುತ್ತಿಲ್ಲ, ಮುಂದೆ ಹೋಗೋಣ.

ಒಂದನೇ ಕ್ಲಾಸು, ಏಳನೇ ಕ್ಲಾಸು, ಟಿಸಿ. ಅದು ಶಾಲೆಯವರ ತಪ್ಪು, ವಾಯುಪಡೆಯದ್ದಲ್ಲ ಅಂತ ಹೇಳಿ ತಪ್ಪಿಸಿಕೊಳ್ಳಬಹುದು, ಹೇಳುತ್ತಿದ್ದೇನೆ. ಟ್ರಂಕಿನ ಮೇಲಿನ ಪೇಂಟಿಗೆ ಮಾತ್ರ ನನ್ನ ಹತ್ತಿರ ಉತ್ತರ ಇಲ್ಲ.